ಮೂರರ ಲೈಸೆನ್ಸ್, ಐದು ಯಂತ್ರ

೩೦ ಜನವರಿ ೨೦೧೨, ಸೋಮವಾರ

ಹೊಸ ವರ್ಷದ ಡೈರಿಯನ್ನು ಇವತ್ತು ತೆರೆದೆ. ಬೇರಿಂಗ್ ಅಂಗಡಿಯವರು ಕೊಟ್ಟದ್ದು, ಪ್ರತಿ ಪುಟದ ಕೆಳಗೂ ಅವರ ಫೋನ್ ನಂಬರು. ಏನೂ ನಡೆಯದ ದಿನ ಬರೆಯುವ ಚಟ ನನಗಿಲ್ಲ. ಇವತ್ತು ನಡೆದಿದೆ.

ಸರ್ವರ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರಿದ ಕಂಪನಿಯವರು ಲೈಸೆನ್ಸ್ ತಪಾಸಣೆ ಮಾಡುತ್ತಾರಂತೆ. ಎಲೆಕ್ಟ್ರಾನಿಕ್ ಸಿಟಿಯ ಅವರ ಏಜೆಂಟರಿಂದ ಪತ್ರ ಬಂದಿದೆ. ಹನ್ನೊಂದು ವರ್ಷದಿಂದ ಪೀಣ್ಯದ ಈ ಪಂಪ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗ ನನ್ನದು. ಹೆಸರಿಗೆ ವಿಭಾಗ, ಇರುವವರು ಇಬ್ಬರು: ನಾನು ಮತ್ತು ಮುನಿರಾಜು. ಅವನು ಬಂದು ಆರು ವರ್ಷವಾಯಿತು.

ನಮ್ಮಲ್ಲಿರುವುದು ಮೂರು ದೊಡ್ಡ ಸರ್ವರ್. ಒಂದೊಂದರ ಒಳಗೂ ಎಂಟು ಹತ್ತು ಸರ್ವರ್‌ಗಳು ಬೇರೆಬೇರೆಯಾಗಿ ಇರುವ ಹಾಗೆ ನಡೆಯುತ್ತವೆ. ನನ್ನ ಹೆಂಡತಿ ಮಹಾಂತಮ್ಮ ಒಮ್ಮೆ ಕೇಳಿದಾಗ ವಠಾರದ ಲೆಕ್ಕದಲ್ಲಿ ಹೇಳಿದ್ದೆ: ಕಟ್ಟಡ ಒಂದು, ಬಾಡಿಗೆಗೆ ಇರುವವರು ಹತ್ತು ಮಂದಿ. ಅಷ್ಟನ್ನೂ ಒಂದೇ ಪರದೆಯಲ್ಲಿ ನೋಡಿಕೊಳ್ಳುವ ಸಾಫ್ಟ್‌ವೇರ್ ಇದು. ಇದರ ಲೈಸೆನ್ಸ್ ಬಾಡಿಗೆದಾರರ ಲೆಕ್ಕಕ್ಕಲ್ಲ, ಕಟ್ಟಡದ ಲೆಕ್ಕಕ್ಕೆ. ನಮಗಿರುವುದು ಮೂರಕ್ಕೆ.

"ಮೂರಿದೆ, ಮೂರಕ್ಕೆ ಲೈಸೆನ್ಸ್ ಇದೆ. ಬಂದು ನೋಡ್ಕೊಂಡ್ ಹೋಗ್ಲಿ ಬಿಡಿ ಸಾರ್" ಎಂದ ಮುನಿರಾಜು. ಊಟಕ್ಕೆ ಅವನ ಮನೆಯ ಅವರೆಕಾಳು ಸಾರು, ಮುದ್ದೆ. ನನ್ನ ಆರು ಜೋಳದ ರೊಟ್ಟಿಯಲ್ಲಿ ಎರಡು ಅವನಿಗೆ. ಆರು ವರ್ಷದಿಂದ ಇದೇ ಪದ್ಧತಿ.

೬ ಫೆಬ್ರವರಿ, ಸೋಮವಾರ

ತಪಾಸಣೆಯ ವರದಿ ಬಂತು. ವರದಿಯ ಪ್ರಕಾರ ಎರಡು ದಿನ ನಮ್ಮಲ್ಲಿ ಮೂರಲ್ಲ, ಐದು ಯಂತ್ರ ನಡೆದಿವೆ. ೨೦೧೦ರ ಅಕ್ಟೋಬರ್ ೧೫, ೨೦೧೧ರ ಅಕ್ಟೋಬರ್ ೪. ಎರಡು ಸಲವೂ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಶುರು, ಮಧ್ಯಾಹ್ನ ಒಂದೂವರೆಗೆ ಬಂದ್.

ಹೆಚ್ಚಿನ ಎರಡು ಯಾವುವು ಎಂದು ನೋಡಿದರೆ ನಮ್ಮ ಹಳೆಯ ಸರ್ವರ್‌ಗಳು. ಹೊಸವು ಬಂದ ಮೇಲೆ, ೨೦೧೦ರ ಮಾರ್ಚಿನಲ್ಲೇ, ನಿಲ್ಲಿಸಿ ಸರ್ವರ್ ರೂಮಿನ ಮೂಲೆಗೆ ಸೇರಿಸಿದ್ದೆವು. ಗುಜರಿಗೆ ಹಾಕಲು ಯಾರ ಸಹಿ ಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.

ಏಜೆಂಟ್ ಕಡೆಯ ಪ್ರಿಯಾಂಕಾ ಎಂಬ ಹುಡುಗಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ.

"ಸಾರ್, ನಿಮ್ ಸಿಸ್ಟಮ್ಮೇ ಬರ್ಕೊಂಡಿರೋದು, ನಾವು ಹುಟ್ಸಿದ್ದಲ್ಲ. ಮಾರ್ಚ್ ಹದಿನೈದರೊಳಗೆ ಬರವಣಿಗೇಲಿ ವಿವರಣೆ ಕೊಡಿ. ಇಲ್ಲಾಂದ್ರೆ ಕೇಸು ನಮ್ ಕೈ ಬಿಟ್ಟು ಮೇಲೆ ಹೋಗುತ್ತೆ."

ಜನರಲ್ ಮ್ಯಾನೇಜರ್ ಶೇಖರಪ್ಪನವರು ವರದಿ ಓದಿ ಕನ್ನಡಕ ತೆಗೆದಿಟ್ಟರು. "ಕೊಟ್ರೇಶ್, ಸತ್ತಿರೋ ಯಂತ್ರ ತಾನಾಗೇ ಎದ್ದು ಕೂರಲ್ಲ. ಯಾರೋ ಎಬ್ಬಿಸಿದ್ದಾರೆ. ಯಾರು ಅಂತ ನನಗೆ ಹೇಳಿ. ಅವರು ಇಲ್ಲಿರಲ್ಲ."

ಸರ್ವರ್ ರೂಮಿಗೆ ಎರಡೇ ಬೀಗದ ಕೈ. ಒಂದು ನನ್ನ ಹತ್ತಿರ. ನಾನಂತೂ ಅಲ್ಲ.

೭ ಫೆಬ್ರವರಿ

ಹಾಜರಿ ಪುಸ್ತಕ ನೋಡಿದೆ. ಎರಡೂ ದಿನ ರಜೆಯಲ್ಲ, ಕೆಲಸದ ದಿನಗಳೇ. ಮುನಿರಾಜು ಎರಡೂ ದಿನ ಬಂದಿದ್ದಾನೆ.

೯ ಫೆಬ್ರವರಿ, ಗುರುವಾರ

ಇವತ್ತು ಮುನಿರಾಜು ಮೂರು ಸಲ ಫೋನ್ ಹಿಡಿದು ಹೊರಗೆ ಹೋದ. ಮೊದಲೆಲ್ಲ ನನ್ನ ಎದುರಿಗೇ ಮಾತಾಡುತ್ತಿದ್ದ. ಅವನ ಚಿಕ್ಕಪ್ಪನ ಮಗ ವೈಟ್‌ಫೀಲ್ಡ್‌ನಲ್ಲಿ ಬೇರೆಯವರ ವೆಬ್‌ಸೈಟುಗಳಿಗೆ ಸರ್ವರ್ ಬಾಡಿಗೆ ಕೊಡುವ ಕೆಲಸದಲ್ಲಿದ್ದಾನೆಂದು ಹಿಂದೆ ಅವನೇ ಹೇಳಿದ್ದ. ಆಗ ನಾನು ಕಿವಿಗೊಟ್ಟಿರಲಿಲ್ಲ. ನಮ್ಮ ಯಂತ್ರ, ನಮ್ಮ ಕರೆಂಟು, ಅಣ್ಣತಮ್ಮಂದಿರ ವ್ಯಾಪಾರ. ಮೂರು ಗಂಟೆಯ ಪರೀಕ್ಷೆ ಮಾಡಿ ನೋಡಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ವರದಿಯ ವಿಷಯ ಅವನಿಗೆ ಹೇಳಿದಾಗ ನನ್ನ ಮುಖ ನೋಡಿದ. ಆಮೇಲೆ "ಓ, ಅದಾ" ಎಂದ. ಏನದು "ಅದಾ"? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

೧೩ ಫೆಬ್ರವರಿ, ಸೋಮವಾರ

ಅವನು ಬ್ಯಾಂಕಿಗೆಂದು ಹೋಗಿದ್ದಾಗ ಬಾಗಿಲು ಹಾಕಿಕೊಂಡು ಹಳೆಯ ಎರಡನ್ನೂ ಪರೀಕ್ಷೆ ಮಾಡಿದೆ. ಕಂಡದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಮುಂದೆ ಬೇಕಾಗಬಹುದು.

ಒಂದು: ಎರಡಕ್ಕೂ ಕರೆಂಟಿನ ವೈರೂ ಇದೆ, ನೆಟ್‌ವರ್ಕಿನ ವೈರೂ ಇದೆ. ನಿಲ್ಲಿಸಿದ ಯಂತ್ರಕ್ಕೆ ವೈರು ಏಕೆ? ಎರಡು: ಮೈತುಂಬ ಧೂಳು. ಮುಂದಿನ ಬಾಗಿಲಿನ ಮೇಲೆ ಹಬ್ಬದಲ್ಲಿ ಬಳಿದ ವಿಭೂತಿಯ ಮೂರು ಪಟ್ಟೆ, ಒಣಗಿದ ಚೆಂಡುಹೂವಿನ ದಾರ. ಮೂರು: ಮೊದಲನೆಯದರ ಸ್ವಿಚ್ಚಿನ ಮೇಲೆ ಬೆರಳಿನ ಗುರುತು, ಬಿಳಿಯ ಕಲೆ. ಸಾಕ್ಷಿ ಇರಲಿ ಎಂದು ಅಳಿಸದೆ ಬಿಟ್ಟೆ.

ಹೊರಗೆ ಬರುವಾಗ ಬಾಗಿಲ ಸಂದಿಗೆ ಒಂದು ಕಾಗದದ ಚೂರು ಸಿಕ್ಕಿಸಿದೆ. ತೆರೆದರೆ ಬೀಳುತ್ತದೆ. ಸಂಜೆ ನೋಡಿದಾಗ ಬಿದ್ದಿತ್ತು. ಎಸಿಯವನು ಬಂದಿದ್ದನಂತೆ. ಮುನಿರಾಜು ಹೇಳಿದ್ದು, ಎಸಿಯವನು ಹೇಳಿದ್ದಲ್ಲ.

೧೬ ಫೆಬ್ರವರಿ, ಗುರುವಾರ

ಸಿಕ್ಕಿಬಿದ್ದ! ನಾನು ಹಿಂದೆ ಬಂದು ನಿಂತದ್ದು ತಿಳಿಯದೆ, ಪರದೆಯ ಮೇಲೆ ಹಳೆಯ ಎರಡು ಯಂತ್ರಗಳ ಹೆಸರಿರುವ ಪಟ್ಟಿ ತೆರೆದು ಕೂತಿದ್ದ.

"ಸಾರ್, ಇವೆರಡನ್ನ ನಿಲ್ಸಿದಾಗ ಈ ಲಿಸ್ಟಿಂದ ತೆಗೀಲೇ ಇಲ್ಲ ನಾವು. ಅದ್ಕೇ ಕರೆಂಟ್ ಕೊಟ್ ತಕ್ಷಣ ಬಂದು ಸೇರ್ಕೊಂಡು ಲೈಸೆನ್ಸ್ ತಗೊಂಡ್ಬಿಡುತ್ತೆ. ಈಗ ತೆಗೆದುಬಿಡ್ಲಾ?"

"ತಪಾಸಣೆ ಮುಗಿಯೋವರೆಗೂ ಏನನ್ನೂ ಮುಟ್ಟಬೇಡ" ಎಂದೆ. ಸಾಕ್ಷಿ ಅಳಿಸಲು ನನ್ನನ್ನೇ ಅಪ್ಪಣೆ ಕೇಳುವ ಧೈರ್ಯ ನೋಡಿ.

ಅವನು ದನಿ ತಗ್ಗಿಸಿದ. "ಸಾರ್, ಈ ಅಕ್ಟೋಬರ್ ವಿಷ್ಯ ನಾವಿಬ್ರೂ ಕೂತು ಮಾತಾಡ್ಕೊಂಡ್ರೆ ಒಳ್ಳೇದು. ಜಿಎಂ ಹತ್ರ ಹೋಗೋಕ್ ಮುಂಚೆ."

ನಾವಿಬ್ಬರೂ! ತನ್ನ ಕೆಸರಿಗೆ ನನ್ನನ್ನೂ ಎಳೆಯುವ ಉಪಾಯ. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ನನ್ನ ಮೇಲೆ ಒಂದು ಕಪ್ಪು ಚುಕ್ಕೆ ಇಲ್ಲ.

"ಏನಿದ್ರೂ ಬರವಣಿಗೆಯಲ್ಲಿ ಕೊಡು" ಎಂದೆ.

ಅವನು "ಬರವಣಿಗೆಲಿ ಬೇಡ ಸಾರ್" ಎಂದು ಹೊರಟುಹೋದ. ಇನ್ನೇನು ಬೇಕು?

೨೦ ಫೆಬ್ರವರಿ, ಸೋಮವಾರ, ಶಿವರಾತ್ರಿ

ಉಪವಾಸ. ಲಿಂಗಪೂಜೆಗೆ ಕೂತರೂ ತಲೆಯೊಳಗೆ ಅವನದೇ ಮುಖ. ಮಹಾಂತಮ್ಮನಿಗೆ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು.

"ಆರು ವರ್ಷ ನಿಮ್ಮ ಜೊತಿ ಕುಂತು ಉಂಡಾನ. ನೀನೇ ಮಾಡಿದಿ ಏನಪ್ಪ ಅಂತ ಬಾಯಿಬಿಟ್ಟು ಒಂದ್ ಮಾತು ಕೇಳಾಕ ಏನಾಗೇತ್ರಿ ನಿಮಗ?"

ಕೇಳಿದರೆ ಎಚ್ಚೆತ್ತುಕೊಳ್ಳುತ್ತಾನೆ ಎಂದೆ. ಅವಳು ನಕ್ಕಳು. ನಾನು ಮೂವತ್ತು ವರ್ಷ ಸಂಸಾರ ಮಾಡಿದರೂ ಅವಳ ಆ ನಗೆಯ ಅರ್ಥ ಪೂರ್ತಿ ತಿಳಿದಿಲ್ಲ. ಈ ಡೈರಿ ಮೇಜಿನ ಮೇಲೆ ಇಟ್ಟಿದ್ದ ಜಾಗದಿಂದ ಒಂದು ಗೇಣು ಸರಿದಿತ್ತು. ಇನ್ನು ಮೇಲೆ ಇದನ್ನು ಟ್ರಂಕಿನಲ್ಲಿ ಬೀಗ ಹಾಕಿ ಇಡುತ್ತೇನೆ.

೨೪ ಫೆಬ್ರವರಿ, ಶುಕ್ರವಾರ

ಸರ್ವರ್ ರೂಮಿನ ಬೀಗದ ಕೈಯನ್ನು ಅವನಿಂದ ವಾಪಸ್ ತೆಗೆದುಕೊಂಡೆ. "ಯಾಕೆ ಸಾರ್?" ಎಂದೂ ಕೇಳಲಿಲ್ಲ. ಗೊಂಚಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟ. ಊಟದ ಹೊತ್ತಿಗೆ ಡಬ್ಬಿ ಹಿಡಿದು ಬಂದ. ನನಗೆ ಹಸಿವಿಲ್ಲ ಎಂದೆ. ಆಮೇಲೆ ಮೂರು ಗಂಟೆಗೆ ಒಬ್ಬನೇ ತಿಂದೆ.

೧ ಮಾರ್ಚ್, ಗುರುವಾರ

ಬರೆದುಕೊಟ್ಟೆ. ಕೀ ಇದ್ದದ್ದು, ವೈರು, ಬೆರಳಿನ ಗುರುತು, ಹೆಸರು ಅಳಿಸಲು ಹೊರಟದ್ದು, ಗುಟ್ಟಾಗಿ ಮಾತಾಡೋಣ ಎಂದದ್ದು, ಎಲ್ಲವನ್ನೂ ಒಂದೂವರೆ ಪುಟದಲ್ಲಿ.

ಹನ್ನೊಂದು ಗಂಟೆಗೆ ಶೇಖರಪ್ಪನವರು ಇಬ್ಬರನ್ನೂ ಕರೆಸಿದರು. "ಮುನಿರಾಜು, ಒಂದೇ ಪ್ರಶ್ನೆ. ಅಕ್ಟೋಬರ್ ನಾಲ್ಕನೇ ತಾರೀಕು ಆ ಹಳೇ ಯಂತ್ರಗಳನ್ನ ಚಾಲೂ ಮಾಡಿದ್ದು ಯಾರು?"

ಮುನಿರಾಜು ತಿರುಗಿ ನನ್ನನ್ನು ನೋಡಿದ. ತುಂಬ ಹೊತ್ತು ನೋಡಿದ. ಸಿಕ್ಕಿಬಿದ್ದವನ ದೈನ್ಯ ಎಂದುಕೊಂಡೆ. ನಾನು ಗೋಡೆಗೆ ಹಾಕಿದ್ದ ಕಾರ್ಖಾನೆಯ ಸ್ಥಾಪಕರ ಫೋಟೊ ನೋಡುತ್ತ ಕೂತೆ.

"ನಾನೇನೂ ಹೇಳಲ್ಲ ಸಾರ್" ಎಂದ ಕೊನೆಗೆ.

"ಹಾಗಾದ್ರೆ ನಾಳೆಯಿಂದ ಬರಬೇಡ. ವಿಚಾರಣೆ ಮುಗಿದ ಮೇಲೆ ಹೇಳಿ ಕಳಿಸ್ತೀವಿ."

ಅವನು ಹೋಗುವಾಗ ಸಾಮಾನು ಎತ್ತಿಕೊಂಡ: ಒಂದು ಸ್ಕ್ರೂಡ್ರೈವರ್ ಸೆಟ್ಟು, ಹೆಲ್ಮೆಟ್ಟು, ಊಟದ ಡಬ್ಬಿ. ನನಗೆ ಸಮಾಧಾನವಾಗಿದೆ. ಆಗಬೇಕಾದದ್ದೇ ಆಯಿತು.

೨ ಮಾರ್ಚ್

ರೊಟ್ಟಿ ಎರಡು ಉಳಿಯಿತು.

೮ ಮಾರ್ಚ್, ಗುರುವಾರ

ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಪ್ರಿಯಾಂಕಾಳಿಗೆ ಕೊಡುವ ವಿವರಣೆಯಲ್ಲಿ ಆ ದಿನ ಮುನಿರಾಜು ಏನೇನು ಮಾಡಿದ ಎಂದು ಗಂಟೆಗಂಟೆಯ ವಿವರ ಬೇಕೆಂದರು ಶೇಖರಪ್ಪನವರು. ಐದು ತಿಂಗಳ ಹಿಂದಿನದು ಯಾರಿಗೆ ನೆನಪಿರುತ್ತದೆ? ಹೋದ ವರ್ಷದ ಡೈರಿಯಲ್ಲಿ ಏನಾದರೂ ಸಿಗಬಹುದು ಎಂದುಕೊಂಡೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಟ್ರಂಕಿನಿಂದ ತೆಗೆದೆ. ಅವನ ವಿರುದ್ಧ ಒಂದು ಸಾಲು ಸಿಕ್ಕಿದರೆ ಸಾಕೆಂದು ಪುಟ ತಿರುಗಿಸಿದೆ. ೨೦೧೧ರ ಅಕ್ಟೋಬರ್ ೪ರ ಪುಟದಲ್ಲಿ, ನನ್ನ ಅಕ್ಷರದಲ್ಲಿ, ಹೀಗಿದೆ:

"ನಾಳೆ ಆಯುಧಪೂಜೆಯ ರಜೆ, ಆದ್ದರಿಂದ ಕಾರ್ಖಾನೆಯ ಪೂಜೆ ಇವತ್ತೇ ಆಯಿತು. ನಿಂತ ಯಂತ್ರಕ್ಕೆ ಪೂಜೆಯಿಲ್ಲ ಎಂಬುದು ಸ್ಥಾಪಕರ ಕಾಲದ ಕಟ್ಟಳೆ. ವರ್ಕ್‌ಶಾಪಿನಲ್ಲಿ ಮುರಿದ ಲೇತ್ ಯಂತ್ರವನ್ನೂ ಒಂದು ಸುತ್ತು ತಿರುಗಿಸಿದರು. ಸರ್ವರ್ ರೂಮಿನ ಐದನ್ನೂ ನಾನೇ ಚಾಲೂ ಮಾಡಿ ವಿಭೂತಿ ಹಚ್ಚಿದೆ. ಹಳೆಯವು ಬೇಡ ಸಾರ್ ಎಂದ ಮುನಿರಾಜು. ವರ್ಷಕ್ಕೊಂದು ದಿನ ಅವಕ್ಕೂ ಉಸಿರಾಡಲು ಬಿಡೋ ಎಂದೆ. ಮಂಗಳಾರತಿಗೆ ಜಿಎಂ ಬಂದರು. ಮಿನುಗುವ ದೀಪ ನೋಡಿ, ಮುದುಕರಿಗೂ ಜೀವ ಬಂತಲ್ರೀ ಎಂದರು. ಊಟವಾದ ಮೇಲೆ ಎರಡನ್ನೂ ಬಂದ್ ಮಾಡಿಸಿದೆ."

ಮೂರು ಸಲ ಓದಿದೆ. ೨೦೧೦ರ ಡೈರಿಯನ್ನೂ ತೆಗೆದೆ. ಅಕ್ಟೋಬರ್ ೧೫, ಶುಕ್ರವಾರ, ಮರುದಿನ ಆಯುಧಪೂಜೆ. ಅದೇ ಪೂಜೆ, ಅದೇ ಐದು.

ಆ ಬಿಳಿಯ ಬೆರಳಿನ ಗುರುತು ವಿಭೂತಿ. ಬೆರಳು ನನ್ನದು. ಯಂತ್ರ ನಡೆಸಿದೆ ಎಂದು ನನ್ನ ತಲೆಗೆ ಬರಲೇ ಇಲ್ಲ. ಪೂಜೆ ಎಂದರೆ ಪೂಜೆ. ದೇವರ ಮನೆಯಲ್ಲಿ ದೀಪ ಹಚ್ಚಿದವನು ಎಣ್ಣೆ ಖರ್ಚು ಮಾಡಿದೆ ಎಂದು ಅಂದುಕೊಳ್ಳುತ್ತಾನೆಯೇ?

ಇಷ್ಟೆಲ್ಲ ಸಮಜಾಯಿಷಿ ಬರೆದರೂ ನಾಚಿಕೆ ಹೋಗುತ್ತಿಲ್ಲ. ಒಬ್ಬನ ಅನ್ನ ಕಿತ್ತಿದ್ದೇನೆ. ಇವತ್ತು ಆಫೀಸಿಗೆ ಹೋಗಲಿಲ್ಲ.

೯ ಮಾರ್ಚ್, ಶುಕ್ರವಾರ

ಎರಡೂ ಡೈರಿ ಹಿಡಿದು ಶೇಖರಪ್ಪನವರ ಮುಂದೆ ಕೂತೆ. ನಾನಲ್ಲದೆ ಬೇರೆ ಯಾರೂ ಓದದ ಪುಟಗಳು. ಅವರು ಓದಿದರು. ಆಮೇಲೆ ಪುಟವನ್ನು ಬೆಳಕಿಗೆ ಹಿಡಿದರು. ಶಾಯಿಯ ಮೇಲೆ ಹೆಬ್ಬೆರಳು ಉಜ್ಜಿ ನೋಡಿದರು.

"ಇದನ್ನ ಹೋದ ವಾರ ಬರೆದಿದ್ದಲ್ಲ ಅಂತ ನಾನು ಹೇಗೆ ನಂಬಲಿ? ಮೊನ್ನೆ ಅವನೇ ಕಳ್ಳ ಅಂತ ಒಂದೂವರೆ ಪುಟ ಕೊಟ್ರಿ. ಇವತ್ತು ಅಲ್ಲ ಅಂತೀರಿ. ಅವನ ಕಡೆಯವರು ಬಂದು ಹೆದರಿಸಿದ್ರಾ?"

ಮೈ ಉರಿಯಿತು. ಇಪ್ಪತ್ತನಾಲ್ಕು ವರ್ಷ ನೌಕರಿ ಮಾಡಿದವನ ಮಾತನ್ನು ನಂಬುವುದಿಲ್ಲವೆಂದರೆ? ಏನೋ ಹೇಳಲು ಬಾಯಿ ತೆರೆದೆ. ಮುನಿರಾಜು ಇದೇ ಕುರ್ಚಿಯಲ್ಲಿ ಕೂತಿದ್ದ ಎಂಬುದು ಹೊಳೆಯಿತು. ದನಿ ತಗ್ಗಿಸಿದೆ.

"ಸಾರ್, ನೀವೂ ಅಲ್ಲಿದ್ರಿ. ಮಂಗಳಾರತಿ ತಗೊಂಡು, ಮುದುಕರಿಗೂ ಜೀವ ಬಂತಲ್ರೀ ಅಂದ್ರಿ. ಐದೂ ಯಂತ್ರಕ್ಕೆ ಕೈ ಮುಗಿದ್ರಿ."

ಶೇಖರಪ್ಪನವರ ಹೆಬ್ಬೆರಳು ಪುಟದ ಮೇಲೆ ಹಾಗೇ ನಿಂತಿತು. ಅವರಿಗೆ ನೆನಪಾಯಿತು ಎಂದು ಅವರ ಕಿವಿ ಕೆಂಪಾದದ್ದರಿಂದಲೇ ತಿಳಿಯಿತು.

"ಅಂದಿದ್ದೆ" ಎಂದರು. "ನಾನೂ ಅಂದಿದ್ದೆ ಕಣ್ರೀ." ಡೈರಿ ಮುಚ್ಚಿಟ್ಟು, "ಅವನು ಅವತ್ತು ಯಾಕೆ ಬಾಯಿ ಬಿಡಲಿಲ್ಲ?"

ಅವನನ್ನೇ ಕೇಳುತ್ತೇನೆ ಎಂದು ಎದ್ದೆ.

೧೧ ಮಾರ್ಚ್, ಭಾನುವಾರ

ಚಿಕ್ಕಬಾಣಾವರಕ್ಕೆ ಹೋಗಿದ್ದೆ. ಆರು ವರ್ಷದಲ್ಲಿ ಮುನಿರಾಜುವಿನ ಮನೆಗೆ ಇದೇ ಮೊದಲು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ, ಮುಂದೆ ಎರಡು ಹಸು. ಅವನ ತಾಯಿ ಈಶ್ವರಮ್ಮ ನನ್ನನ್ನು ಕಂಡು ಸಡಗರಪಟ್ಟರು. "ರೊಟ್ಟಿ ಸಾರ್ ನೀವೇ ಅಲ್ವಾ? ಬಾಪ್ಪ, ಇಂಗೆ ಕೂತ್ಕ. ನಮ್ ರಾಜು ದಿನಾ ನಿಮ್ದೇ ಮಾತಾಡೋನು" ಎಂದು ಮಜ್ಜಿಗೆ ತಂದುಕೊಟ್ಟರು. ಕೆಲಸದ ವಿಷಯ ಅವರಿಗೆ ಹೇಳಿಲ್ಲ ಎಂದು ಕಾಣುತ್ತದೆ. ಲೋಟವನ್ನು ಹಾಗೇ ಕೆಳಗಿಟ್ಟೆ.

ಅವರು ಒಳಗೆ ಹೋದ ಮೇಲೆ ಮುನಿರಾಜುವಿಗೆ ಎಲ್ಲ ಹೇಳಿದೆ. ಡೈರಿ, ಪೂಜೆ, ಜಿಎಂ. ನಾಡಿದ್ದಿನಿಂದ ಕೆಲಸಕ್ಕೆ ಬರಬೇಕು ಎಂದೆ. "ಅವತ್ತೇ ಯಾಕೆ ಹೇಳಲಿಲ್ಲ ನೀನು?" ಎಂದೂ ಕೇಳಿದೆ.

"ಹೇಳೋಕ್ ಬಂದೆ ಸಾರ್. ನಾವಿಬ್ರೂ ಕೂತು ಮಾತಾಡೋಣ ಅಂದೆ. ಬರವಣಿಗೆಲಿ ಕೊಡು ಅಂದ್ರಿ. ಬರೆದ್ರೆ ನಿಮ್ ಹೆಸ್ರು ಬರೀಬೇಕಿತ್ತು. ಎಬ್ಬಿಸಿದೋರು ಇಲ್ಲಿರಲ್ಲ ಅಂತ ಜಿಎಂ ಹೇಳಿದ್ದು ಇಡೀ ಆಫೀಸಿಗೇ ಗೊತ್ತಿತ್ತು. ಹೊರಗಡೆ ಹೋಗಿ ಆ ಪ್ರಿಯಾಂಕಾ ಮೇಡಂಗೇ ಫೋನ್ ಮಾಡ್ತಿದ್ದೆ, ಯಾರ್ ಹೆಸ್ರೂ ಹೇಳ್ದೆ ಹೆಂಗಾದ್ರೂ ಮುಗಿಸೋಕಾಗುತ್ತಾ ಅಂತ."

"ಜಿಎಂ ರೂಮಲ್ಲಾದ್ರೂ ಹೇಳಬಹುದಿತ್ತಲ್ಲೋ."

"ನೀವೇ ಹೇಳ್ತೀರ ಅಂತ ನಿಮ್ ಮುಖ ನೋಡ್ದೆ. ನೀವು ಗೋಡೆ ನೋಡಿದ್ರಿ."

"ನನಗೆ ನೆನಪಿರಲಿಲ್ಲ ಮುನಿರಾಜು. ನಿಜವಾಗ್ಲೂ ನೆನಪಿರಲಿಲ್ಲ."

ಅವನು ಹಸುವಿನ ಕಡೆ ನೋಡುತ್ತಿದ್ದ. "ನಿಮಗೆ ಗೊತ್ತಿದ್ದೂ ನನ್ ತಲೆಗೆ ಕಟ್ಟಿದ್ರಿ ಅಂದ್ಕೊಂಡಿದ್ದೆ ಸಾರ್. ಹತ್ತು ದಿನದಿಂದ ಹಂಗೇ ಅಂದ್ಕೊಂಡಿದೀನಿ. ಈಗ ಇಲ್ಲ ಅಂತೀರ. ಇರ್ಬೋದು."

ಇರಬಹುದು ಎಂದ. ನಂಬಿದೆ ಎನ್ನಲಿಲ್ಲ. ನಾನು ಪೆದ್ದ, ನೀಚನಲ್ಲ ಎಂದು ಕೂಗಿ ಹೇಳಬೇಕೆನಿಸಿತು. ಅದನ್ನು ತೋರಿಸಲು ನನ್ನ ಹತ್ತಿರ ಯಾವ ಕಾಗದವೂ ಇಲ್ಲ. ತಪ್ಪಾಯಿತು ಎಂದೆ. ಅವನು ಬಸ್‌ಸ್ಟಾಪಿನ ತನಕ ಬೈಕಿನಲ್ಲಿ ಬಿಟ್ಟ.

೧೫ ಮಾರ್ಚ್, ಗುರುವಾರ

ವಿವರಣೆ ಕಳಿಸಿಯಾಯಿತು, ಡೈರಿಯ ಎರಡು ಪುಟಗಳ ನಕಲಿನ ಸಮೇತ. ಪ್ರಿಯಾಂಕಾ ಫೋನಿನಲ್ಲಿ ನಗು ತಡೆಯಲಾಗದೆ "ಪೂಜೆಗಾ ಸಾರ್?" ಎಂದು ಎರಡು ಸಲ ಕೇಳಿದಳು. ಹಳೆಯ ಎರಡನ್ನು ಪಟ್ಟಿಯಿಂದ ತೆಗೆದು, ಮತ್ತೆ ಹೀಗಾಗದು ಎಂದು ಬರೆದುಕೊಟ್ಟರೆ ಸಾಕಂತೆ. ಪಟ್ಟಿಯಿಂದ ತೆಗೆದದ್ದು ಮುನಿರಾಜು. ನನಗೆ ಶೇಖರಪ್ಪನವರು ಎಚ್ಚರಿಕೆಯ ಪತ್ರ ಕೊಟ್ಟರು. ತೆಗೆದುಕೊಂಡೆ. ಸರ್ವರ್ ರೂಮಿನ ಕೀ ಅವನಿಗೆ ವಾಪಸ್ ಕೊಡಲು ಹೋದರೆ, "ರಿಜಿಸ್ಟರ್‌ನಲ್ಲಿ ಬರೆದು ಕೊಡಿ ಸಾರ್" ಎಂದ.

ಊಟಕ್ಕೆ ಕ್ಯಾಂಟೀನಿಗೆ ಹೋಗುತ್ತಾನಂತೆ. ಅಲ್ಲಿ ಬಿಸಿಯಾಗಿರುತ್ತದಂತೆ.

೨೨ ಅಕ್ಟೋಬರ್, ಸೋಮವಾರ

ನಾಳೆ ಆಯುಧಪೂಜೆ, ಕಾರ್ಖಾನೆಯಲ್ಲಿ ಇವತ್ತು. ನಡುವಿನ ಏಳು ತಿಂಗಳಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಕೆಲಸ ನಡೆಯುತ್ತಿದೆ. ಮುನಿರಾಜು ಚೆನ್ನಾಗಿ ಮಾಡುತ್ತಾನೆ, ಕರೆದರೆ ಬರುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಯಾವ ಸಣ್ಣ ಕೆಲಸ ಹೇಳಿದರೂ "ಮೇಲ್ ಮಾಡಿ ಸಾರ್" ಎನ್ನುತ್ತಾನೆ. ಮಾಡುತ್ತೇನೆ. ಈ ಡೈರಿಗೆ ಬೀಗ ಹಾಕುವುದು ಯಾವಾಗ ಬಿಟ್ಟೆನೋ ನೆನಪಿಲ್ಲ, ಮನೆಯ ಮೇಜಿನ ಮೇಲೇ ಇರುತ್ತದೆ.

ಹತ್ತು ಗಂಟೆಗೆ ನಾನು ವಿಭೂತಿ ಹಿಡಿದು ಸರ್ವರ್ ರೂಮಿಗೆ ಹೋದಾಗ ಅವನು ಆಗಲೇ ಹೂವು ಮುಡಿಸಿದ್ದ. ಹಳೆಯ ಎರಡರ ನೆಟ್‌ವರ್ಕ್ ವೈರು ಕಿತ್ತು ಸುರುಳಿ ಸುತ್ತಿ ಮೇಲಿಟ್ಟಿದ್ದ. ಒಂದು ಹಾಳೆ ಮುಂದೆ ಹಿಡಿದ. ಟೈಪು ಮಾಡಿದ್ದು: ಪೂಜೆಯ ಸಲುವಾಗಿ ಹಳೆಯ ಎರಡು ಯಂತ್ರಗಳನ್ನು ಚಾಲೂ ಮಾಡಲು ನಾನು ಹೇಳಿದ್ದೇನೆ, ಕೊಟ್ರೇಶ್, ತಾರೀಕು, ಹೊತ್ತು.

"ಬೇಜಾರ್ ಮಾಡ್ಕೋಬೇಡಿ ಸಾರ್" ಎಂದ.

"ಇಲ್ಲ ಬಿಡಪ್ಪ" ಎಂದು ಸಹಿ ಹಾಕಿದೆ. ವಿಭೂತಿಯ ಬೆರಳು ಹಾಳೆಯ ಮೇಲೂ ಮೂಡಿತು. ಅವನು ಅದನ್ನು ಒರೆಸದೆ ಹಾಗೇ ಫೈಲಿಗೆ ಸೇರಿಸಿದ. ಆಮೇಲೆ ನಾನು ಸ್ವಿಚ್ಚು ಒತ್ತಿದೆ, ಮುದುಕರಿಬ್ಬರೂ ಮಿನುಗಿದರು, ಅವನು ಬೂದುಗುಂಬಳ ಒಡೆದ.

ಮಧ್ಯಾಹ್ನ ಡಬ್ಬಿ ತೆರೆದು ಸ್ವಲ್ಪ ಹೊತ್ತು ಕಾದೆ. ಅವನು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಡಬ್ಬಿ ನೋಡಿ, "ಊಟ ಮಾಡಿ ಸಾರ್" ಎಂದು ಕ್ಯಾಂಟೀನಿನ ಕಡೆ ಹೋದ. ಎರಡು ರೊಟ್ಟಿ ಮನೆಗೆ ವಾಪಸ್ ಬಂದವು.

"ದಿನಾ ಎರಡು ಉಳೀತಾವು. ಇನ್ನ ಮ್ಯಾಲೆ ನಾಕು ಹಾಕ್ಲೇನ್ರಿ?" ಎಂದು ಮಹಾಂತಮ್ಮ ಕೇಳಿದಳು.

ಬೇಡ, ರಜೆ ಮುಗಿದ ಮೇಲೂ ಆರೇ ಹಾಕು ಎಂದೆ.